ನೂರಿಪ್ಪತ್ತಕ್ಕೆ ಒಮ್ಮತ

ಅಕ್ಟೋಬರ್ 14, ಮಂಗಳವಾರ

ಇವತ್ತು ನಮ್ಮ ಸೈಕಲ್ ಅಂಗಡಿಗೆ ಮತ್ತೊಂದು ಬಂತು. ಹಿಂದಿನ ಚಕ್ರ. ನಾವೇ ಕಟ್ಟಿದ್ದು. ಏರು ಹತ್ತುವಾಗ 'ಟಿಕ್' ಅನ್ನುತ್ತದಂತೆ. ಸ್ಟ್ಯಾಂಡಿಗೆ ಏರಿಸಿ ತಿರುಗಿಸಿದೆ — ಸದ್ದಿಲ್ಲ. ಪೆಡಲ್ ಹಿಡಿದು ಜೋರಾಗಿ ತಿರುಗಿಸಿದೆ — ಸದ್ದಿಲ್ಲ. ಬೆಂಡ್ ಕೂಡ ಇಲ್ಲ. ಸೈಕಲ್ ತಂದವನು ನನ್ನ ಮುಖ ನೋಡಿದ ರೀತಿ... ಅವನ ಸದ್ದನ್ನು ನಾನೇ ಎಲ್ಲೋ ಅಡಗಿಸಿಟ್ಟಿದ್ದೇನೆ ಅನ್ನುವ ಹಾಗೆ.

ಆಚೆ ಬೆಂಚಿನಿಂದ ಗಸ್: "ಕಾಮ್ರೇಡ್, ನಿನ್ನ ಕೆಂಪು ಪುಸ್ತಕ ತೆಗೆದು ಎರಡು ಪುಟ ಓದು ಅದಕ್ಕೆ. ತಡೆಯಕ್ಕಾಗದೆ ಬಾಯಿ ಬಿಡುತ್ತೆ."

"ನೀನು ಓದಿದ್ರೆ ನೀನು ಬಾಯಿ ಮುಚ್ತಿದ್ದೆ, ಗಸ್. ಅದೇ ಲಾಭ."

ಓಡೆಲ್ ನಕ್ಕ. ಮೂರನೇ ಬೆಂಚು ಅವನದು. ವಾರಕ್ಕೊಮ್ಮೆ ನಗುತ್ತಾನೆ.

ನಮ್ಮಲ್ಲಿ ಹಿರಿಯಳಾದ ರೂತ್ಆ್ಯನ್ ಮಾತ್ರ ನಗಲಿಲ್ಲ. "ಎಷ್ಟನೇದು ಇದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಅಕ್ಟೋಬರ್ 16, ಗುರುವಾರ

ಸ್ಟ್ಯಾಂಡಿನ ಮೇಲೆ ಚಕ್ರಕ್ಕೆ ಭಾರವಿಲ್ಲ. ಭಾರವಿಲ್ಲದೆ ನೋವಿಲ್ಲ. ಸೈಕಲ್ ತೆಗೆದುಕೊಂಡು ಚರ್ಚಿನ ಪಕ್ಕದ ಕಲ್ಲುಹಾಸಿನ ಏರಿಗೆ ಹೋದೆ. ಪಿಟ್ಸ್‌ಬರ್ಗಿನಲ್ಲಿ ಏರಿಗೇನು ಬರ.

ಸೀಟಿನಿಂದ ಎದ್ದು ತುಳಿದೆ. ಬಂತು! ಟಿಕ್. ಟಿಕ್. ಚಕ್ರದ ಒಂದು ಸುತ್ತಿಗೆ ಒಂದೇ ಸಲ. ಹಾಗಾದರೆ ಪೆಡಲಿನದಲ್ಲ, ಚೈನಿನದಲ್ಲ. ಇಳಿಯುವಾಗ ಇಲ್ಲ. ವಾಲ್ವಿನ ತಿರುಪು ಬಿಚ್ಚಿ ಜೇಬಿಗೆ ಹಾಕಿಕೊಂಡು ಮತ್ತೆ ಹತ್ತಿದೆ. ಟಿಕ್. ಹಿಂದಿನ ಹಲ್ಲುಚಕ್ರ ಬಿಗಿ ಮಾಡಿ ಹತ್ತಿದೆ. ಟಿಕ್. ಕಡ್ಡಿಗಳು ಒಂದನ್ನೊಂದು ದಾಟುವ ಕಡೆಯಲ್ಲೆಲ್ಲ ಒಂದೊಂದು ಹನಿ ಎಣ್ಣೆ ಬಿಟ್ಟು ಹತ್ತಿದೆ. ಇಲ್ಲ! ನಿಂತಿತು.

ತೊಡೆ ನಡುಗುತ್ತಿದೆ. ಸಂತೋಷ. ಕಡ್ಡಿ ಕಡ್ಡಿಗೆ ಉಜ್ಜುವ ಸದ್ದು ಅಷ್ಟೆ. ಹೊಸ ಚಕ್ರಕ್ಕೆ ಸಹಜ.

ಸಂಜೆ ಗೋಡೆಯ ಮೇಲಿನ ಬರಹದ ಧೂಳು ಒರೆಸಿದೆ: 'ಒಡೆಯನಿಲ್ಲದ ಬೆಂಚಿನಲ್ಲಿ ಸುಳ್ಳು ಹೇಳಬೇಕಾದವರೂ ಇಲ್ಲ.' ರೂತ್ಆ್ಯನಳ ಕಿರುಹೊತ್ತಿಗೆಯ ಸಾಲು. ಹತ್ತೊಂಬತ್ತು ವರ್ಷದವಳಿದ್ದಾಗ ಬಸ್ಸಿನಲ್ಲಿ ಓದಿ, ಇಳಿಯುವ ನಿಲ್ದಾಣ ತಪ್ಪಿಸಿಕೊಂಡು, ಮಾರನೆಯ ದಿನ ಇಲ್ಲಿಗೆ ಬಂದು ನಿಂತಿದ್ದೆ. ಈಗ ಈ ಅಂಗಡಿಯ ನಾಲ್ವರಲ್ಲಿ ಒಬ್ಬಳು. ನಾಲ್ವರೂ ಒಡೆಯರು, ನಾಲ್ವರೂ ಆಳುಗಳು.

ಅಕ್ಟೋಬರ್ 19, ಭಾನುವಾರ

ಸಹಜ ಅಲ್ಲ.

ಇನ್ನೊಂದು ಚಕ್ರ. ಕಡ್ಡಿ ದಾಟುವಲ್ಲಿ ಎಣ್ಣೆ ಬಿಟ್ಟೆ, ನಿಲ್ಲಲಿಲ್ಲ. ಕಡ್ಡಿ ರಿಮ್ಮಿನೊಳಗೆ ಹೋಗುವ ಕಡೆ, ಅದನ್ನು ಬಿಗಿಯುವ ನಿಪ್ಪಲ್ ಕೂರುವ ತೂತಿಗೆ, ಬಿಟ್ಟೆ. ಆಗ ನಿಂತಿತು. ಅಲ್ಲಿ ಯಾಕೆ ಸದ್ದು? ಅಲ್ಲಿ ಅಲುಗಾಡುವಂಥದ್ದು ಏನೂ ಇರಬಾರದು. ಟೈರು ಬಿಚ್ಚಿದೆ. ಸ್ಪಿರಿಟ್ ಹಾಕಿ ಒರೆಸಿದೆ. ಓಡೆಲ್‌ನ ಭೂತಗನ್ನಡಿ ಹಿಡಿದೆ.

ಕೂದಲೆಳೆಯಂಥ ಬಿರುಕು. ತೂತಿನ ಅಂಚಿನಿಂದ ಹೊರಟು ರಿಮ್ಮಿನ ಉದ್ದಕ್ಕೆ. ಪಕ್ಕದ ತೂತಿಗೆ ಇನ್ನೊಂದು. ಚೈನಿನ ಕಡೆಯ ತೂತುಗಳಿಗೇ. ಅಲ್ಲೇ ಬಿಗಿ ಜಾಸ್ತಿ.

ಗುರುವಾರದ ಚಕ್ರ ಇನ್ನೂ ಇಲ್ಲೇ ಇತ್ತು. ಅದನ್ನೂ ಬಿಚ್ಚಿದೆ. ಅದರಲ್ಲೂ ಒಂದು. ಎಣ್ಣೆ ಹಾಕಿ ಸದ್ದು ನಿಲ್ಲಿಸಿ ಸಂತೋಷಪಟ್ಟಿದ್ದ ಚಕ್ರ.

ಕಾರಣ ಹುಡುಕುವುದೇ ಬೇಡ. ಗೊತ್ತು. ಏಪ್ರಿಲ್. ನಮ್ಮ ಸ್ವಂತ ಚಕ್ರ ಕಟ್ಟಿ ಮಾರಬೇಕು ಅಂತ ಸಭೆ. ಕಡ್ಡಿ ಎಷ್ಟು ಬಿಗಿ ಎಳೆಯಬೇಕು? ರಿಮ್ ಮಾಡಿದ ಕಂಪನಿ ಹೇಳಿದ್ದು ನೂರು ಕಿಲೋ ಎಳೆತ, ಅದಕ್ಕಿಂತ ಮೇಲೆ ಬೇಡ. "ಕಂಪನಿಗಳು ತಮ್ಮ ಚರ್ಮ ಉಳಿಸ್ಕೊಳ್ಳಕ್ಕೆ ಕಮ್ಮಿ ಹೇಳ್ತಾರೆ, ಈ ಊರಿನ ಏರಿಗೆ ನೂರಮೂವತ್ತು ಬೇಕು" ಅಂದ ಗಸ್. ಕಂಪನಿ ಹೇಳಿದ್ದು ಸುಳ್ಳು ಅನ್ನುವುದಕ್ಕೆ ನಮ್ಮಲ್ಲಿ ಎರಡನೇ ಮಾತಿರಲಿಲ್ಲ. ಓಡೆಲ್ ಮಾತ್ರ ನೂರೇ ಸಾಕು ಅಂದ. ರೂತ್ಆ್ಯನ್ ನೂರಹತ್ತು. ಮೂರು ಸಂಜೆ ಮಾತಾಡಿದೆವು. ಕೊನೆಗೆ ನೂರಿಪ್ಪತ್ತಕ್ಕೆ ಒಮ್ಮತ. ಅವತ್ತು ಇದೇ ಪುಸ್ತಕದಲ್ಲಿ ಬರೆದಿದ್ದೇನೆ — 'ಯಾರ ಅಪ್ಪಣೆಯೂ ಇಲ್ಲದೆ ಒಂದು ಸಂಖ್ಯೆ ಹುಟ್ಟಿತು.'

ಹುಟ್ಟಿತು. ಅಲ್ಯೂಮಿನಿಯಂ ಅನ್ನು ಸಭೆಗೆ ಕರೆದಿರಲಿಲ್ಲ.

ಮೂವತ್ತಕ್ಕೂ ಹೆಚ್ಚು ಜನ ಆ ಚಕ್ರಗಳ ಮೇಲೆ ಓಡಾಡುತ್ತಿದ್ದಾರೆ.

ಅಕ್ಟೋಬರ್ 22, ಬುಧವಾರ

ಸಭೆ. ರಿಮ್ಮನ್ನು ಮೇಜಿನ ಮೇಲಿಟ್ಟೆ. ಎಲ್ಲರೂ ಭೂತಗನ್ನಡಿ ಹಿಡಿದು ನೋಡಿದರು. ಗಸ್ ತಮಾಷೆ ಮಾಡಲಿಲ್ಲ.

"ಎಲ್ಲಾ ವಾಪಸ್ ಕರೀಬೇಕು. ನಾಳೇನೇ. ಬಾಗಿಲಿಗೆ ಬೋರ್ಡ್ ಹಾಕಿ," ಅಂದೆ.

ರೂತ್ಆ್ಯನ್: "ನಾಳೆ ಬೋರ್ಡ್ ಹಾಕಿದ್ರೆ ನಾಡಿದ್ದು ಅಂಗಡಿ ಇರಲ್ಲ."

"ಇಲ್ದಿದ್ರೆ ಬೇಡ!"

"ಬೇಡ ಅನ್ನೋದು ಸುಲಭ ಕಣಮ್ಮ. ನಿಂಗೆ ಇಪ್ಪತ್ತಮೂರು. ನಮ್ಮಪ್ಪನ ಕಾರ್ಖಾನೆ ಗೇಟಿಗೆ ಬೀಗ ಬಿದ್ದಾಗ ನಾನು ಆ ಗೇಟ್ ಹತ್ರ ನಿಂತಿದ್ದೆ. ಬೀಗ ಹಾಕಿದೋರು ಯಾರೂ ಕಾಣ್ಲಿಲ್ಲ, ಬೀಗ ಮಾತ್ರ ಕಾಣ್ತು. ಈ ಬಾಗ್ಲಿಗೆ ನನ್ನ ಕೈಯಲ್ಲಿ ಬೀಗ ಹಾಕಿಸ್ಬೇಡ."

"ಯಾರಾದ್ರೂ ಬಿದ್ರೆ?"

"ಬಿದ್ದಿದಾರಾ? ಇದುವರೆಗೆ ಒಬ್ರಾದ್ರೂ? ಸದ್ದು ಬಂದಿದೆ, ಅಷ್ಟೆ."

ಅವಳ ಸಲಹೆ ಇದು: ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ, ನವೆಂಬರ್ ಕೊನೆಗೆ ನಡೆಯುವ ಸೈಕಲ್ ಏರು ಪಂದ್ಯ ಮುಗಿಯಲಿ. ಅಲ್ಲಿಯವರೆಗೆ ಬಂದದ್ದನ್ನು ಸ್ವಲ್ಪ ಸಡಿಲ ಮಾಡಿ, ಎಣ್ಣೆ ಹಾಕಿ ಕೊಡುವುದು. ಬಿರುಕು ಕಣ್ಣಿಗೆ ಕಂಡರೆ ಮಾತ್ರ ರಿಮ್ ಬದಲಾವಣೆ. ಜನವರಿಯಲ್ಲಿ 'ಚಳಿಗಾಲದ ತಪಾಸಣೆ' ಅಂತ ಹೇಳಿ ಒಂದೊಂದಾಗಿ ಕರೆಸುವುದು. ಹೊರಗೆ ಮಾತಿಲ್ಲ.

ಕೈ ಎತ್ತುವ ಹೊತ್ತು. ತೆರೆದ ಅಂಗೈ ಅಂದರೆ ಒಪ್ಪಿಗೆ. ಮುಷ್ಟಿ ಅಂದರೆ ತಡೆ, ಒಬ್ಬರು ಹಿಡಿದರೂ ಸಲಹೆ ಬಿದ್ದುಹೋಗುತ್ತದೆ. ಕೈಯನ್ನು ಮಡಿಲಲ್ಲೇ ಇಟ್ಟುಕೊಂಡರೆ ಪಕ್ಕಕ್ಕೆ ನಿಂತ ಹಾಗೆ — ಒಪ್ಪುವುದಿಲ್ಲ, ಅಡ್ಡವೂ ಬರುವುದಿಲ್ಲ. ಆದರೆ ತೀರ್ಮಾನವಾದ ಮೇಲೆ ಅದು ನನ್ನದೂ ಹೌದು.

ಗಸ್ ಅಂಗೈ. ಓಡೆಲ್ ಭೂತಗನ್ನಡಿಯನ್ನು ಮತ್ತೊಮ್ಮೆ ರಿಮ್ಮಿಗೆ ಹಿಡಿದು ನೋಡಿ, ಅಂಗೈ. ರೂತ್ಆ್ಯನ್ ಅಂಗೈ. ಮೂವರೂ ನನ್ನ ಕಡೆ.

ಮುಷ್ಟಿ ಹಿಡಿದರೆ ಏನೂ ತೀರ್ಮಾನವಾಗುವುದಿಲ್ಲ, ಬಂದ ಚಕ್ರಗಳನ್ನು ಸಡಿಲ ಮಾಡುವುದೂ ಇಲ್ಲ — ಅಂತ ಲೆಕ್ಕ ಹಾಕಿದೆ. ಕೈ ಮಡಿಲಲ್ಲೇ ಉಳಿಯಿತು.

ಒಬ್ಬಳ ಕೋಪಕ್ಕಿಂತ ನಾಲ್ವರ ತೀರ್ಮಾನ ದೊಡ್ಡದು. ಹಾಗೆ ನಂಬದಿದ್ದರೆ ಇಲ್ಲಿಗೆ ಯಾಕೆ ಬಂದೆ?

ನವೆಂಬರ್ 21, ಶುಕ್ರವಾರ

ಒಂದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದಿರಲಿಲ್ಲ. ಎಣ್ಣೆ ಹಾಕುತ್ತಿದ್ದೆ.

ಇವತ್ತು ಬರ್ನಿ ಬಂದಳು. ಸ್ಕೂಲ್ ಬಸ್ ಓಡಿಸುವ ಬರ್ನಿ ವಾಸ್ಕೊ. ಐವತ್ತು ದಾಟಿದೆ. ಏರು ಪಂದ್ಯದಲ್ಲಿ ಪ್ರತಿವರ್ಷ ಏಳನೇ ಏರಿನಲ್ಲಿ ಅವಳ ಕಾಲು ನೆಲ ಮುಟ್ಟುತ್ತದೆ. ಕಾಲು ಮುಟ್ಟಿದರೆ ಕೆಳಗಿಳಿದು ಮತ್ತೆ ಬುಡದಿಂದ ಹತ್ತಬೇಕು. ಅದೇ ಪಂದ್ಯದ ಕಟ್ಟಳೆ. ಅವಳು ಅಲ್ಲಿಗೇ ಬಿಟ್ಟು ಮನೆಗೆ ಹೋಗುತ್ತಾಳೆ. ಈ ವರ್ಷ ಅದಕ್ಕೆಂದೇ ನಮ್ಮ ಹಗುರ ಚಕ್ರ ಹಾಕಿಸಿಕೊಂಡಿದ್ದಳು.

ಚರ್ಚಿನಲ್ಲಿ ಶುಕ್ರವಾರ ಮಾರುವ ಪಿರೋಗಿ ಕಡುಬಿನ ಡಬ್ಬಿ ಬೆಂಚಿನ ಮೇಲಿಟ್ಟಳು. ಬೆಣ್ಣೆ, ಈರುಳ್ಳಿ. ಇಡೀ ಅಂಗಡಿ ಘಮಘಮ.

"ತಿನ್ನೇ ಮೊದ್ಲು. ಕಡ್ಡಿ ಥರ ಆಗಿದೀಯ. ಕ್ರಾಂತಿ ಖಾಲಿ ಹೊಟ್ಟೇಲಿ ಆಗಲ್ಲ."

"ಆಮೇಲೆ ತಿಂತೀನಿ. ಏನಾಗಿದೆ ಹೇಳಿ."

"ಹಿಂದುಗಡೆ ಟಿಕ್ ಟಿಕ್ ಅಂತಿದೆ. ಮೊದ್ಲು ನನ್ನ ಮಂಡಿ ಅನ್ಕೊಂಡೆ. ಮಂಡಿ ಕಟ ಕಟ ಅನ್ನುತ್ತೆ, ಇದು ಟಿಕ್ ಟಿಕ್. ನನ್ನ ಮಂಡಿ ಭಾಷೆ ನಂಗೆ ಗೊತ್ತು."

ನಕ್ಕೆ. ನಗಬಾರದಿತ್ತು.

ಟೈರು ಬಿಚ್ಚಿ ನೋಡಿದೆ. ಒಂದು ತೂತಿನ ಹತ್ತಿರ ಗೆರೆ. ಬಿರುಕೋ, ಬಣ್ಣದ ಮೇಲಿನ ಗೀಚೋ ಹೇಳಲಾಗುತ್ತಿರಲಿಲ್ಲ. ಉಗುರು ಎಳೆದೆ. ತಡೆಯಿತು ಅನ್ನಿಸಿತು. ಇನ್ನೊಮ್ಮೆ ಎಳೆದೆ. ಜಾರಿತು. 'ಬಿರುಕು ಕಣ್ಣಿಗೆ ಕಂಡರೆ ಮಾತ್ರ' ಎಂಬ ತೀರ್ಮಾನವಿದೆ. ಕಂಡಿದೆಯೇ? ರೂತ್ಆ್ಯನ್‌ಗೆ ತೋರಿಸಿದೆ. "ಗೀಚು," ಅಂದಳು. ಭೂತಗನ್ನಡಿ ಹಿಡಿಯದೆಯೇ.

ಸಡಿಲ ಮಾಡಿದೆ, ಮತ್ತೆ ಬೆಂಡ್ ತೆಗೆದೆ, ಎಣ್ಣೆ ಹಾಕಿದೆ. ಏರು ಹತ್ತಿ ಬಂದೆ. ನಿಶ್ಶಬ್ದ.

ಬರ್ನಿ ಹೆಲ್ಮೆಟ್ ಪಟ್ಟಿ ಬಿಗಿದುಕೊಳ್ಳುತ್ತಾ, "ಸೇಫಾ, ಇರ್ಮಾ?" ಎಂದು ಕೇಳಿದಳು.

"ಸದ್ದು ಹೋಗಿದೆ," ಅಂದೆ.

ಓಡೆಲ್ ಕೆಲಸ ನಿಲ್ಲಿಸಿದ. ತಲೆ ಎತ್ತಲಿಲ್ಲ. ಮತ್ತೆ ಶುರುಮಾಡಿದ.

ಬರ್ನಿ ನನ್ನ ಕೆನ್ನೆ ತಟ್ಟಿ ಹೋದಳು. ಪಿರೋಗಿ ಗಸ್ ತಿಂದ.

ನವೆಂಬರ್ 29, ಶನಿವಾರ. ಬೆಳಿಗ್ಗೆ

ಏಳನೇ ಏರಿನ ಮಧ್ಯದಲ್ಲಿದ್ದೇನೆ. ಕೈಯಲ್ಲಿ ದನದ ಗಂಟೆ, ಹತ್ತುವವರಿಗೆ ಹುರುಪು ತುಂಬಲು. ಮನೆಗಳ ಜಗುಲಿಯಲ್ಲಿ ಜನ, ಕಂಬಳಿ, ಬಿಯರು. ಬೆಳಿಗ್ಗೆಯಿಂದ ಹಿಮದ ಪುಡಿ ಉದುರಿ ಕಲ್ಲು ಒದ್ದೆ. ಯಾರೋ ಮುದುಕ ಹಿಮ ಕರಗಲೆಂದು ಬೀದಿಗೆ ಉಪ್ಪು ಎರಚಿ, ಚಕ್ರ ಜಾರುತ್ತದೆಂದು ಪಂದ್ಯದವರ ಹತ್ತಿರ ಬೈಸಿಕೊಳ್ಳುತ್ತಿದ್ದಾನೆ. ಮೊದಲ ಗುಂಪು ಕಾಣಿಸಿತು. ನಮ್ಮ ಚಕ್ರಗಳು ಕಾಣುತ್ತವೆ. ಒಂದೂ ಸದ್ದು ಮಾಡುತ್ತಿಲ್ಲ. ನಾವು ಕೆಲಸ ಚೆನ್ನಾಗಿ ಮಾಡಿದ್ದೇವೆ.

ನವೆಂಬರ್ 30, ಭಾನುವಾರ

ಬರೆಯಲು ಆಗುತ್ತಿಲ್ಲ.

ಡಿಸೆಂಬರ್ 1, ಸೋಮವಾರ

ಬರೆಯಲೇಬೇಕು. ಆದ ಕ್ರಮದಲ್ಲಿ.

ಬರ್ನಿ ಬಂದಳು. ನನ್ನನ್ನು ದಾಟಿ ಹೋದಳು. ತುದಿಗೆ ನಾಲ್ಕು ಮನೆ ಇರುವಾಗ ಹಿಂದಿನ ಚಕ್ರ ಒದ್ದೆ ಕಲ್ಲಿನಲ್ಲಿ ಜಾರಿ ಕಾಲು ನೆಲ ಮುಟ್ಟಿತು. ಜಗುಲಿಗಳಿಂದ "ಅಯ್ಯೋ" ಬಂತು. ಅವಳು ಹ್ಯಾಂಡಲಿನ ಮೇಲೆ ತಲೆಯಿಟ್ಟು ನಿಂತಳು. ಬಿಟ್ಟುಬಿಡುವವಳಿದ್ದಳು. ಅದು ನನಗೆ ಕಂಡಿತು.

ನಾನು ಗಂಟೆ ಬಾರಿಸಿದೆ. "ಬರ್ನೀ! ಕೆಳಗಿಳಿದು ಮತ್ತೆ ಹತ್ತಿ! ಆಗುತ್ತೆ ನಿಮ್ಮ ಕೈಲಿ!" ಇಡೀ ಬೀದಿ ಅದನ್ನೇ ಕೂಗಿತು. ಬರ್ನಿ ನನ್ನನ್ನು ನೋಡಿ ನಾಲಿಗೆ ಚಾಚಿದಳು, ಸೈಕಲ್ ತಿರುಗಿಸಿದಳು.

ಇಳಿಜಾರಿನಲ್ಲಿ ನನ್ನನ್ನು ದಾಟುವಾಗ ಬ್ರೇಕು ಹಿಡಿದಿದ್ದಳು. ಎರಡು ಸಲ ಪಟ್ ಪಟ್ ಅಂತ ಸದ್ದು — ಒಣ ಕಡ್ಡಿ ಮುರಿದ ಹಾಗೆ. ಹಿಂದಿನ ಚಕ್ರ ಎಂಟರ ಅಂಕಿಯ ಆಕಾರಕ್ಕೆ ಮಡಿಸಿಕೊಂಡು ಫ್ರೇಮಿಗೆ ಸಿಕ್ಕಿತು. ಸೈಕಲ್ ನಿಂತಿತು, ಬರ್ನಿ ನಿಲ್ಲಲಿಲ್ಲ. ನಿಲ್ಲಿಸಿದ್ದ ಕಾರಿನ ಹಿಂಬದಿಗೆ ಮುಖ.

ಕೊರಳ ಮೂಳೆ ಮುರಿದಿದೆ. ಮಣಿಕಟ್ಟು. ಮುಂದಿನ ಹಲ್ಲುಗಳು. ಗಲ್ಲಕ್ಕೆ ಹೊಲಿಗೆ.

ಚಕ್ರ ಎತ್ತಿಕೊಂಡು ಬಂದವನು ಗಸ್. ಎರಡು ನಿಪ್ಪಲ್‌ಗಳು ರಿಮ್ಮನ್ನು ಸೀಳಿಕೊಂಡು ಹೊರಬಂದಿದ್ದವು. ಅದರಲ್ಲೊಂದು ನಾನು ಉಗುರು ಎಳೆದ ತೂತು.

ಡಿಸೆಂಬರ್ 3, ಬುಧವಾರ

ಸಭೆ.

ರೂತ್ಆ್ಯನ್‌ಗೆ ನಾಲ್ಕು ದಿನದಲ್ಲಿ ವಯಸ್ಸಾಗಿದೆ. ಆದರೂ ಮೊದಲು ಮಾತಾಡಿದವಳು ಅವಳೇ. "ಅಲ್ಲೊಂದು ಕಲ್ಲು ಕಿತ್ತಿತ್ತು. ಗುಂಡಿ. ಎಲ್ರೂ ನೋಡಿದಾರೆ. ಕೇಳಿದ್ರೆ ಅಷ್ಟೇ ಹೇಳೋಣ."

"ಗುಂಡಿ ಇತ್ತಾ, ಗಸ್?" ಎಂದೆ.

ಗಸ್ ಅಳುತ್ತಿದ್ದ. ಅಷ್ಟು ದೊಡ್ಡ ಆಳು. "ಪಿಟ್ಸ್‌ಬರ್ಗಲ್ಲಿ ಎಲ್ಲಾ ಬೀದೀಲೂ ಗುಂಡಿ ಇರುತ್ತೆ ಕಣೇ," ಅಂದ.

"ನಾನು ಕೇಳಿದ್ದು ಅದಲ್ಲ."

"ಇತ್ತು ಅನ್ಸುತ್ತೆ."

ಅಂಗೈ. ಅಂಗೈ. ಓಡೆಲ್ ಈ ಸಲ ಮಡಿಲಲ್ಲಿ ಕೈ ಇಟ್ಟುಕೊಂಡ. ನಾನು ಮುಷ್ಟಿ ಹಿಡಿದೆ. ಜೀವನದಲ್ಲಿ ಮೊದಲ ಸಲ. ಉಗುರು ಅಂಗೈಗೆ ಊರಿತು.

ರೂತ್ಆ್ಯನ್ ಮೆಲ್ಲಗೆ ಹೇಳಿದಳು: "ಸರಿ. ತಡೆ. ಅಂದ್ರೆ ಹೊಸ ತೀರ್ಮಾನ ಇಲ್ಲ. ಹಳೇದು ಹಾಗೇ ಇರುತ್ತೆ. ಜನವರಿವರೆಗೆ ಹೊರಗೆ ಮಾತಿಲ್ಲ. ಅದಕ್ಕೆ ನೀನು ಅಡ್ಡ ಬಂದಿರ್ಲಿಲ್ಲ, ಇರ್ಮಾ."

ಕಟ್ಟಳೆ ಪ್ರಕಾರ ಅವಳು ಹೇಳಿದ್ದು ಸರಿ. ಅಕ್ಷರ ಅಕ್ಷರವೂ ಸರಿ. ಈ ಕಟ್ಟಳೆಗಾಗಿ ನಾನು ಎಷ್ಟು ಜನರ ಜೊತೆ ಜಗಳವಾಡಿದ್ದೇನೆ. ಅಪ್ಪನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೇನೆ. 'ನಿಮ್ಮ ಕಾರ್ಖಾನೆಯಲ್ಲಿ ಮ್ಯಾನೇಜರ್ ಸುಳ್ಳು ಹೇಳಿಸುತ್ತಾನೆ, ನಮ್ಮಲ್ಲಿ ಹೇಳಿಸುವವರಿಲ್ಲ' ಎಂದು ಅವನ ಊಟದ ಮೇಜಿನಲ್ಲಿ ಭಾಷಣ ಮಾಡಿದ್ದೇನೆ. ಹೇಳಿಸುವವರಿಲ್ಲ, ನಿಜ. ಯಾರೂ ಹೇಳಿಸದೆಯೇ ಹೇಳಿದೆವು.

ಹೋಗುವಾಗ ನೋಡಿದರೆ ಬರ್ನಿಯ ಚಕ್ರ ಗುಜರಿ ಡ್ರಮ್ಮಿನಲ್ಲಿತ್ತು. ತೆಗೆದುಕೊಂಡೆ. ರೂತ್ಆ್ಯನ್ ಬಾಗಿಲಲ್ಲಿ ನಿಂತು ನೋಡಿದಳು. ತಡೆಯಲಿಲ್ಲ.

"ಸ್ಪಿರಿಟ್ ಹಾಕಿ ಒರೆಸ್ಬೇಡ," ಅಂದಳು. "ಎಣ್ಣೆ ಇರೋ ಹಾಗೇ ಇರ್ಲಿ. ತೋರಿಸೋದಾದ್ರೆ ಪೂರ್ತಿ ತೋರಿಸು."

ಅವಳನ್ನು ಪೂರ್ತಿ ದ್ವೇಷಿಸುವುದಕ್ಕೂ ಬಿಡುವುದಿಲ್ಲ.

ಡಿಸೆಂಬರ್ 9, ಮಂಗಳವಾರ

ಆರು ದಿನ ಚಕ್ರ ನನ್ನ ಮಂಚದ ಕೆಳಗಿತ್ತು. ಇವತ್ತು ಎತ್ತಿಕೊಂಡು ಬಸ್ ಹತ್ತಿದೆ.

ಬಾಗಿಲು ತೆಗೆದವಳು ಬರ್ನಿಯ ತಂಗಿ ಕಾನಿ. ಚಕ್ರ ನೋಡಿ, "ಇದನ್ನ ಯಾಕೆ ತಂದೆ? ದಿಷ್ಟಿಗೆ ಕಟ್ಟಕ್ಕಾ?" ಅಂದಳು.

ಬರ್ನಿ ಅಡುಗೆಮನೆಯಲ್ಲಿ, ತೋಳು ಜೋಲಿಯಲ್ಲಿ, ಮುಖ ಹಳದಿ-ನೀಲಿ. ಹಲ್ಲಿಲ್ಲದೆ ಮಾತು ಬೇರೆ ಯಾರದೋ ಥರ ಬರುತ್ತದೆ.

"ಕೂತ್ಕೋ. ನೀನು ಬರ್ತೀಯ ಅಂತ ಗೊತ್ತಿತ್ತು. ಇಷ್ಟು ಲೇಟಾಗಿ ಅಂತ ಗೊತ್ತಿರ್ಲಿಲ್ಲ."

ಎಲ್ಲಾ ಹೇಳಿದೆ. ನೂರಿಪ್ಪತ್ತು. ಕೂದಲೆಳೆ. ಅಕ್ಟೋಬರಿನ ಸಭೆ. ಉಗುರು. ಯಾರ ಹೆಸರನ್ನೂ ದೊಡ್ಡದು ಮಾಡಲಿಲ್ಲ, ನನ್ನದನ್ನು ಚಿಕ್ಕದು ಮಾಡಲಿಲ್ಲ ಅಂದುಕೊಂಡಿದ್ದೇನೆ. ಹೇಳುವಾಗ ಒಳಗೊಳಗೇ ಹಗುರವಾಗುತ್ತಿತ್ತು — ಅದನ್ನೂ ಬರೆದಿಡಬೇಕು. ಅಸಹ್ಯ.

ಕಾನಿ: "ಅಂದ್ರೆ ನೀವು ನಾಲ್ಕು ಜನ ಕೂತ್ಕೊಂಡು ಕೈ ಎತ್ತಿ ತೀರ್ಮಾನ ಮಾಡಿದ್ರಿ. ನಮ್ಮಕ್ಕನ ಮೂತಿ ಬಗ್ಗೆ."

"ನಾನು ಎತ್ತಲಿಲ್ಲ. ಪಕ್ಕಕ್ಕೆ ನಿಂತೆ."

"ಎಲ್ಲಿ ಪಕ್ಕಕ್ಕೆ? ಅಲ್ಲೇ ಗಂಟೆ ಹಿಡ್ಕೊಂಡು ನಿಂತಿದ್ಯಲ್ಲ!"

"ಸಾಕು ಸುಮ್ನಿರೇ," ಅಂದಳು ಬರ್ನಿ. ನನ್ನನ್ನೇ ನೋಡುತ್ತಿದ್ದಳು. "ನಾನು ಸೇಫಾ ಅಂದೆ. ನೀನು ಸದ್ದು ಹೋಗಿದೆ ಅಂದೆ. ಆಸ್ಪತ್ರೇಲಿ ಮಲ್ಕೊಂಡು ಅದೇ ಯೋಚ್ನೆ. ಈ ಹುಡುಗಿ ಸುಳ್ಳು ಹೇಳೋಳಲ್ಲ, ಹಾಗಾದ್ರೆ ಅವತ್ತು ಯಾಕೆ ಹಾಗಂದ್ಲು ಅಂತ."

ಕ್ಷಮೆ ಕೇಳಿದೆ. ಅಳುವೂ ಬಂತು. ನನ್ನ ಅಳು ನೋಡಿ ಬರ್ನಿಗೆ ಕೋಪ ಬಂತು. ಮೊದಲ ಸಲ ನೋಡಿದೆ ಅವಳ ಕೋಪ. ಸ್ಕೂಲ್ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಕೋಪ.

"ಒರೆಸ್ಕೋ ಮುಖ. ನನ್ನ ಹತ್ರ ಏನು ತಗೊಂಡು ಹೋಗಕ್ಕೆ ಬಂದೆ? ಪರವಾಗಿಲ್ಲ ಪುಟ್ಟಿ ಅನ್ನಿಸ್ಕೊಂಡು ಹೋಗಕ್ಕಾ? ಪರವಾಗಿದೆ. ಬೇಸಿಗೆವರೆಗೂ ಬಸ್ಸಿನ ಸ್ಟೀರಿಂಗ್ ಹಿಡಿಯಕ್ಕಾಗಲ್ಲ ನಂಗೆ. ಇನ್ನೂ ಯಾರ್ಯಾರ ಹತ್ರ ಇದೆ ಈ ದರಿದ್ರದ ಚಕ್ರ?"

"ಮೂವತ್ತು ಜನರ ಹತ್ರ..."

"ಅವರಿಗೆ ಹೇಳಿದೀಯಾ?"

"ಇಲ್ಲ. ಮೊದ್ಲು ನಿಮ್ಮ—"

"ಹತ್ತು ದಿನ ಆಯ್ತಲ್ಲೇ! ಬಿದ್ದಿರೋಳ ಹತ್ರ ಬಂದು ಕೂತಿದೀಯ. ನಾನು ಇನ್ನೊಂದ್ಸಲ ಬೀಳಲ್ಲ. ಏಳು. ಚಕ್ರ ಇಲ್ಲೇ ಇಟ್ಟು ಹೋಗು, ಅದು ನಂದು."

ಎದ್ದೆ. ಕಾನಿ ಬಾಗಿಲು ಹಾಕಿದಳು. ಜೋರಾಗಿ ಹಾಕಲಿಲ್ಲ. ಜೋರಾಗಿ ಹಾಕಬೇಕಿತ್ತು.

ಡಿಸೆಂಬರ್ 10, ಬುಧವಾರ

ಅಂಗಡಿಗೆ ಹೋಗಲಿಲ್ಲ. ಓಡೆಲ್ ಫೋನು ಮಾಡಿ ಚಕ್ರ ಕೊಂಡವರ ಹೆಸರು, ವಿಳಾಸ ಒಂದೊಂದಾಗಿ ಓದಿ ಹೇಳಿದ. ಬರೆದುಕೊಂಡೆ. ನಡುವೆ ಒಮ್ಮೆ, "ರೂತ್ಆ್ಯನ್ ಇಲ್ಲೇ ಇದಾಳೆ, ಕೇಳಿಸ್ಕೊಳ್ತಾ ಇದಾಳೆ," ಅಂದ. ಓದುವುದು ನಿಲ್ಲಿಸಲಿಲ್ಲ. ಕೊನೆಗೆ, "ಗಸ್‌ನ ಹೆಸರೂ ಬರ್ಕೋ, ಅವನೂ ಅದೇ ಚಕ್ರ ಓಡಿಸ್ತಾನೆ. ಅವನ ತಮ್ಮನಿಗೂ ಒಂದು ಕಟ್ಟಿಕೊಟ್ಟಿದಾನೆ."

ಮೊದಲ ಮನೆ. ವಿಮಾ ಕಚೇರಿಯವನು — ಅಕ್ಟೋಬರಿನಲ್ಲಿ ಅವನ ಚಕ್ರ ಬಿಚ್ಚಿ, ಬಿರುಕು ಕಂಡು, ಏನೂ ಹೇಳದೆ ರಿಮ್ ಬದಲಾಯಿಸಿ ಕೊಟ್ಟಿದ್ದೆವು. ಈಗ ಹೇಳಿದೆ. ವಕೀಲರ ಹೆಸರು ಹೇಳಿ ಬಾಗಿಲು ಹಾಕಿದ. ನ್ಯಾಯ.

ಎರಡನೇ ಮನೆ. ದಾದಿ, ಪಾಳಿ ಮುಗಿಸಿ ಮಲಗಿದ್ದವಳು. "ನಂದು ಸದ್ದೇ ಮಾಡಲ್ಲಮ್ಮ, ನೀನೇ ತಾನೇ ರಿಪೇರಿ ಮಾಡಿದ್ದು?" ಅಂದಳು. ಅದಕ್ಕೇ ಬಂದಿದ್ದೇನೆ ಅಂದೆ. ಅರ್ಥವಾಗಲಿಲ್ಲ ಅವಳಿಗೆ. ಮತ್ತೆ ಹೇಳಿದೆ. "ನೀವು ಅಂಗಡಿಯವರ ಮೇಲೆ ಏನೋ ಜಗಳ ಮಾಡ್ಕೊಂಡಿರೋ ಹಾಗಿದೆ," ಅಂದಳು. ಇಷ್ಟು ವರ್ಷ ನಾನು ಹಂಚಿದ ಕ್ರಾಂತಿಯ ಕರಪತ್ರಗಳೆಲ್ಲ ಅವಳ ಕಣ್ಣಲ್ಲಿ ಕಂಡವು. ನಿಜ ಹೇಳುವ ಒಂದು ದಿನಕ್ಕೆ ನನ್ನ ದನಿಯಲ್ಲಿ ಏನೂ ಉಳಿದಿಲ್ಲ. ಆದರೂ ಚಕ್ರ ಬಿಚ್ಚಿಕೊಟ್ಟಳು. ನನ್ನನ್ನು ಬೇಗ ಕಳಿಸುವುದಕ್ಕೆ ಇರಬೇಕು.

ಮೂರನೇ ಮನೆ. ಯಾರೂ ಇಲ್ಲ. ಪಕ್ಕದ ಮನೆಯವರು ಹೇಳಿದರು, ಕೆಲಸಕ್ಕೆ ಸೈಕಲಲ್ಲೇ ಹೋಗ್ತಾನೆ, ನದಿ ಆಚೆ, ಇಷ್ಟೊತ್ತಿಗೆ ಬರ್ಬೇಕು. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೆರಳು ಮರಗಟ್ಟಿದೆ. ಈ ಬೀದಿ ಅವನ ಮನೆಗೆ ಇಳಿಜಾರು. ಮೇಲಿನಿಂದ ಬರಬೇಕು ಅವನು.

ಮುಂದಿನ ದೀಪ ಕಾಣುತ್ತಿದೆ. ಅವನೇ ಇರಬಹುದು. ಜೋರಾಗಿ ಬರುತ್ತಿದ್ದಾನೆ, ಕಿವಿಗೊಟ್ಟು ಕೇಳಿದರೂ ಏನೂ ಕೇಳಿಸುತ್ತಿಲ್ಲ, ಒಂದು ಟಿಕ್ ಕೂಡ.